ನೀರಿನಲ್ಲಿ ಹೋದ ಮಾರ್ಕ್ಸ್ ಕಾರ್ಡು, ಜಿನೀವಾಗೆ ಹೋದ ಮಾತು

ಭೀಮಾ ದಂಡೆಯ ಈ ಊರಿನ ಹೆಸರು ಬರೆಯುವುದಿಲ್ಲ. ಜೇವರ್ಗಿ ತಾಲ್ಲೂಕು ಅಂದರೆ ಸಾಕು. ಹೆಸರು ಹೇಳಿದರೆ ಹುಡುಗರ ಗುರುತು ಸಿಕ್ಕಿಬಿಡುತ್ತದೆ. ಕಲಬುರಗಿಯಿಂದ ಕಟ್ಟಿಸಂಗಾವಿ ಸೇತುವೆ ದಾಟಿ, ಜೇವರ್ಗಿಯಲ್ಲಿ ಬಸ್ಸಿಳಿದು, ಅಲ್ಲಿಂದ ಟಂಟಂ ಹತ್ತಬೇಕು. ರಸ್ತೆಯ ಎರಡೂ ಕಡೆ ತೊಗರಿ, ಹತ್ತಿ. ಸುಗ್ಗಿ ಮುಗಿದರೆ ಅರ್ಧ ಊರಿಗೆ ಬೀಗ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಗುಳೆ ಹೋಗುತ್ತಾರೆ.

2022ರಲ್ಲಿ ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆ ಆಗಿದ್ದೆ. ಜಿನೀವಾದಲ್ಲಿ ಕೂರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಆಗ ಒಂದು ದಾಖಲೆ ಬರೆಯುತ್ತಿತ್ತು. ಪರಿಸರ ಮತ್ತು ಹವಾಮಾನ ಬದಲಾವಣೆ ಮಕ್ಕಳ ಹಕ್ಕುಗಳನ್ನು ಹೇಗೆ ತಟ್ಟುತ್ತವೆ, ಸರ್ಕಾರಗಳು ಏನು ಮಾಡಬೇಕು ಅನ್ನೋದು ವಿಷಯ. ಅದಕ್ಕೆ 26ನೇ ಸಾಮಾನ್ಯ ಟಿಪ್ಪಣಿ ಅಂತ ಹೆಸರು. ಬರೆಯುವ ಮೊದಲು ಜಗತ್ತಿನ ಮಕ್ಕಳನ್ನೇ ಕೇಳೋಣ ಅಂತ ಸಮಿತಿ ಪ್ರಶ್ನಾವಳಿ ಬಿಟ್ಟಿತ್ತು. ನಮ್ಮ ಊರಿನ ಹುಡುಗರ ಉತ್ತರ ತರುವುದು ನನ್ನ ಕೆಲಸ. ಆ ಕೆಲಸದಲ್ಲಿ ಏನಾಯ್ತು, ನಾನು ಎಲ್ಲಿ ಎಡವಿದೆ, ಮುಂದೆ ಮೂರು ವರ್ಷ ಏನು ನಡೀತು ಅನ್ನೋದೇ ಈ ಪ್ರಕರಣ.

ಮೊದಲ ಕೂಟ ಕೆಟ್ಟಿದ್ದು

ಅಂಗನವಾಡಿಯಲ್ಲಿ 17 ಜನ ಸೇರಿದ್ದರು. ಹೈಸ್ಕೂಲಿನವರು, ಪಿಯುಸಿಯವರು, ಜೊತೆಗೆ 18 ದಾಟಿದ ಐದು ಹುಡುಗರು. ಬಾಗಿಲಲ್ಲೇ ಪೇಚಾಟ. ಸಮಿತಿಯ ಲೆಕ್ಕದಲ್ಲಿ ಮಗು ಅಂದರೆ 18ರ ಒಳಗಿನವರು. ವಿಶ್ವಸಂಸ್ಥೆಯೇ ಯುವಜನ ಅನ್ನುವಾಗ 15ರಿಂದ 24 ಅನ್ನುತ್ತದೆ. ನಮ್ಮ ದೇಶದ 2014ರ ಯುವ ನೀತಿ 15ರಿಂದ 29 ಅನ್ನುತ್ತದೆ. ಊರಿನ ಲೆಕ್ಕವೇ ಬೇರೆ. ಮದುವೆ ಆದವರು ದೊಡ್ಡವರು, ಆಗದವರು ಹುಡುಗರು. ನಾನು ಆ ಐದು ಜನರಿಗೆ "ನೀವು ಸುಮ್ನೆ ಕೂತು ಕೇಳ್ರಿ" ಅಂದೆ. ಇದು ಮೊದಲ ತಪ್ಪು. ಮುಂದೆ ಈ ಕಥೆ ತಿರುಗಿದ್ದೇ ಅವರಲ್ಲಿ ಒಬ್ಬನ ಕಾಗದದ ಮೇಲೆ.

ನಮ್ಮ ಕೈಗೆ ಬಂದದ್ದು ಇಂಗ್ಲಿಷ್ ಪ್ರತಿ. ನಾನು ಅದನ್ನು ರಾತ್ರಿ ಕೂತು ಕನ್ನಡಕ್ಕೆ ತಂದಿದ್ದೆ. ಆ ಕನ್ನಡ ಹೇಗಿತ್ತು ಅಂದರೆ, ಈಗ ಓದಿದರೆ ನನಗೇ ನಗು ಬರುತ್ತದೆ. "ಹವಾಮಾನ ವೈಪರೀತ್ಯವು ನಿಮ್ಮ ಹಕ್ಕುಗಳ ಮೇಲೆ ಬೀರುವ ಪರಿಣಾಮಗಳೇನು?" ಅಂತ ಕೇಳಿದೆ. ಯಾರೂ ಉಸಿರು ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ, "ಹವಾಮಾನ ಅಂದ್ರ ಟಿವಿಯೊಳಗ ಸುದ್ದಿ ಮುಗುದ ಮ್ಯಾಲ ಹೇಳ್ತಾರಲ್ರಿ ಮೇಡಂ, ಅದಾ?" ಅಂದ.

ಒಂದೂವರೆ ತಾಸಿನಲ್ಲಿ ನನಗೆ ಸಿಕ್ಕಿದ್ದು ಗಿಡ ನೆಡಬೇಕು, ಪ್ಲಾಸ್ಟಿಕ್ ಬಳಸಬಾರದು, ನೀರು ಉಳಿಸಬೇಕು ಅನ್ನುವ ಉತ್ತರಗಳು. ಎಲ್ಲ ಪಾಠದ ಪುಸ್ತಕದಿಂದ ಎತ್ತಿದ್ದು. ಗಿಡ ನೆಡಲಿ, ಬೇಡ ಅನ್ನಲ್ಲ. ಆದರೆ ಭೀಮಾ ದಂಡೆಯ ಮಕ್ಕಳಿಗೆ ಹೇಳೋಕೆ ಇರೋದು ಇಷ್ಟೇನಾ? ಹೊರಗೆ ಬಿಸಿಲು ಧಗಧಗ. ಪ್ರತಿ ವರ್ಷ ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಅಷ್ಟು ಬಿಸಿಲು. ಆ ಬಿಸಿಲಲ್ಲಿ ಕೂತು ನಾನು ಹವಾಮಾನದ ಬಗ್ಗೆ ಕೇಳುತ್ತಿದ್ದೆ, ಅವರು ಪ್ಲಾಸ್ಟಿಕ್ ಬಗ್ಗೆ ಹೇಳುತ್ತಿದ್ದರು.

ಟ್ರಂಕು

ಎರಡನೇ ಸಲ ಪ್ರಶ್ನಾವಳಿಯನ್ನು ಚೀಲದಲ್ಲೇ ಬಿಟ್ಟೆ. "2020ರ ನೀರು ಬಂದಾಗ ಮನೆಯಲ್ಲಿ ಏನು ಉಳೀತು? ಒಂದೊಂದು ವಸ್ತು ತಗೊಂಡು ಬನ್ರಿ" ಅಂದಿದ್ದೆ.

2020ರ ಅಕ್ಟೋಬರ್ ನಮ್ಮ ಕಡೆ ಯಾರೂ ಮರೆತಿಲ್ಲ. ಇಲ್ಲೂ ಜಡಿಮಳೆ, ಮಹಾರಾಷ್ಟ್ರದಲ್ಲೂ ಮಳೆ. ಮೇಲೆ ಉಜನಿ ಜಲಾಶಯದಿಂದ ನೀರು ಬಿಟ್ಟರು, ಅದು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ದಾಟಿ ಹೊಲ, ಮನೆ ಎಲ್ಲ ನುಗ್ಗಿತು. ಕೊರೊನಾದಿಂದ ಶಾಲೆಗಳು ಮಾರ್ಚ್‌ನಿಂದಲೇ ಮುಚ್ಚಿದ್ದವು. ಅದರ ಮೇಲೆ ಇದು.

ಹುಡುಗರು ತಂದ ವಸ್ತು: ಹಿಡಿ ಮುರಿದ ಹಿತ್ತಾಳೆ ತಂಬಿಗೆ, ಒಂದು ರೇಡಿಯೊ, ಕುರಿ ಕೊರಳ ಗಂಟೆ. ಆಗಷ್ಟೇ ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲದಿಂದ ಒಂದು ಲ್ಯಾಮಿನೇಷನ್ ಹಾಳೆ ತೆಗೆದಳು. ಅವಳ ಅಣ್ಣನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಲ್ಯಾಮಿನೇಷನ್ನಿನ ಒಂದು ಮೂಲೆ ಬಿಟ್ಟುಕೊಂಡು ಒಳಗೆ ನೀರು ಹೋಗಿತ್ತು. ಮಸಿ ಹರಡಿ ಅಂಕಗಳೆಲ್ಲ ನೀಲಿ ಮೋಡ. ರಜಿಸ್ಟರ್ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತಿದ್ದವು. ಎರಡು ಪ್ಲಾಸ್ಟಿಕ್ ಪದರದ ನಡುವೆ ತೆಳ್ಳಗೆ ಕೆಂಪು ಮಣ್ಣು ಒಣಗಿ, ಕೈಯಲ್ಲಿ ಹಿಡಿದರೆ ಸರಸರ ಅಂತ ಕೆಳಗಿಳಿಯುತ್ತಿತ್ತು.

"ಟ್ರಂಕಿನ ತಳದಾಗ ಇಟ್ಟಿದ್ವಿ ಮೇಡಂ. ಬೆಲೆ ಬಾಳೋದು ತಳದಾಗ ಇಡಬೇಕಂತ ನಮ್ಮವ್ವ ಹೇಳ್ತಿದ್ಲು."

ಆಗ ಗೋಡೆಗೆ ಒರಗಿ ಕೂತಿದ್ದ ಆ ಅಣ್ಣ ಬಾಯಿ ಬಿಟ್ಟ. ಅವನಿಗೆ 21. ಪೊಲೀಸ್ ಭರ್ತಿಗೆ ಅರ್ಜಿ ಹಾಕಬೇಕು, ಅದಕ್ಕೆ 371ಜೆ ಪ್ರಮಾಣಪತ್ರ ಬೇಕು. ಹೊರಗಿನ ಓದುಗರಿಗೆ ಒಂದು ಮಾತು: ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಕೆಲಸ, ಸೀಟುಗಳಲ್ಲಿ ಮೀಸಲಾತಿ ಇದೆ. ಆದರೆ ನಾನು ಈ ಭಾಗದವನು ಅಂತ ತೋರಿಸುವ ಕಾಗದ ಎಸಿ (ಸಹಾಯಕ ಆಯುಕ್ತರ) ಆಫೀಸಿನಿಂದ ತರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ಹಚ್ಚಬೇಕು. ಕಳೆದ ಮಾರ್ಕ್ಸ್ ಕಾರ್ಡಿನ ನಕಲು ಬೇಕಂದರೆ ಅಫಿಡವಿಟ್, ಶಾಲೆಯ ಸಹಿ, ಅರ್ಜಿ, ಶುಲ್ಕ. ಪ್ರತಿ ಸಹಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ.

"ಡಿಜಿಲಾಕರ್‌ನಲ್ಲಿ ನೋಡಿದ್ರಾ?" ಅಂತ ಜಾಣತನ ತೋರಿಸಿದೆ.

"ನೋಡೀನ್ರಿ. ಆಧಾರದಾಗ ನನ್ನ ಹೆಸರಿನ ಒಂದಕ್ಷರ ತಪ್ಪ್ಯಾದ. ಎರಡೂ ಹೊಂದಂಗಿಲ್ಲ."

ಅವನು ಆಮೇಲೆ ಹೇಳಿದ ಮಾತನ್ನು ಹುಡುಗಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡಳು: "ಮನಿ ಬಿದ್ರ ಪರಿಹಾರ ಅದ, ದನ ಸತ್ರ ಪರಿಹಾರ ಅದ. ನೀರಿನಾಗ ಹೋದ ಕಾಗದಕ್ಕ ನಾವೇ ರೊಕ್ಕ ಕಟ್ಟಬೇಕೇನ್ರಿ?"

ಅದಾದ ಮೇಲೆ ಯಾರನ್ನೂ ತಡೆಯಲು ಆಗಲಿಲ್ಲ. ಟಿಸಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್, ತಾಯಿ ಕಾರ್ಡು ಅಂತ ಒಂದೊಂದೇ ಹೊರಗೆ ಬಂತು. ನೋಟ್‌ಬುಕ್ಕಿನಲ್ಲಿ ಅಂದು ಸಂಜೆಗೆ 26 ಹೆಸರು, ಎದುರಿಗೆ ಯಾವ ಕಾಗದ ಹೋಯ್ತು ಅನ್ನೋ ಪಟ್ಟಿ. ಅಂದಿನಿಂದ ನಾನು ಮೇಡಂ ಅಲ್ಲ, ಅಕ್ಕ ಆದೆ.

ನಾನು ಬರೆದ ವಾಕ್ಯ

ಈಗ ನನ್ನ ದೊಡ್ಡ ತಪ್ಪಿನ ಮಾತು. ಉತ್ತರವನ್ನು ಇಂಗ್ಲಿಷಿನಲ್ಲಿ ಕಳಿಸಬೇಕಿತ್ತು. ಅಣ್ಣನಿಗೆ 18 ದಾಟಿದೆ, ಹಾಗಾಗಿ ಅವನ ಮಾತು ಅವನ ಹೆಸರಲ್ಲಿ ಹೋಗೋ ಹಾಗಿಲ್ಲ. ತಂಗಿಯ ಮಾತಾಗಿ ಹಾಕಿದೆ. ಹಾಕುವಾಗ ಏನು ಬರೆದೆ ಗೊತ್ತಾ? ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: "ಹವಾಮಾನ ಸಂಬಂಧಿ ವಿಪತ್ತುಗಳಿಂದ ಶಿಕ್ಷಣದ ನಿರಂತರತೆಗೆ ಅಡಚಣೆಯಾಗುತ್ತಿರುವ ಕುರಿತು ಮಕ್ಕಳು ಆತಂಕ ವ್ಯಕ್ತಪಡಿಸಿದರು."

ಮಾರ್ಕ್ಸ್ ಕಾರ್ಡು ಹೋಯ್ತು. ಟ್ರಂಕು ಹೋಯ್ತು. ರೊಕ್ಕ ಹೋಯ್ತು. ಉಳಿದಿದ್ದು ಆತಂಕ ಒಂದೇ. ಯಾರೂ ನನಗೆ ಹಾಗೆ ಬರಿ ಅಂದಿರಲಿಲ್ಲ. ಇಂಥ ಕಡೆ ಹೀಗೇ ಬರೆಯಬೇಕು ಅಂತ ನಾನೇ ಅಂದುಕೊಂಡಿದ್ದೆ. ಯುವಜನರ ದನಿ, ಪಾಲುಗೊಳ್ಳುವಿಕೆ ಅಂತ ಮಾತಾಡುವ ನಮ್ಮಂಥವರಲ್ಲಿ ಈ ರೋಗ ಜಾಸ್ತಿ. ದನಿಯನ್ನು ಒಗೆದು, ಇಸ್ತ್ರಿ ಹಾಕಿ ಕಳಿಸುತ್ತೇವೆ. ಆ ಕಡೆ ಓದುವವರಿಗೆ ಜೇವರ್ಗಿಯ ಹುಡುಗಿಗೂ ಬ್ರೆಜಿಲ್ ಹುಡುಗನಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಆ ಚಳಿಗಾಲದಲ್ಲಿ ಕರಡು ಬಂತು. ಅದರ ಮೇಲೂ ಮಕ್ಕಳ ಅಭಿಪ್ರಾಯ ಕೇಳಿದ್ದರು. ನಾನು ಒಂದು ಸಲ ಹೋಗಿ ಸಾರಾಂಶ ಹೇಳಿ ಬಂದೆ, ಅಷ್ಟೇ. ಊರಲ್ಲಿ ಆಗ ಯಾರಿಗೂ ಮನಸ್ಸಿರಲಿಲ್ಲ. ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದ ವರ್ಷ ಅದು. ಅಣ್ಣ ಪುಣೆಗೆ ಹೋದ.

16,331ರಲ್ಲಿ ನಮ್ಮದು ಯಾವುದು?

2023ರ ಆಗಸ್ಟ್‌ನಲ್ಲಿ ಟಿಪ್ಪಣಿ ಹೊರಬಂತು. 121 ದೇಶಗಳ ಮಕ್ಕಳಿಂದ 16,331 ಅಭಿಪ್ರಾಯ ಬಂದಿದ್ದವು. ಜಗತ್ತಿನ ಬೇರೆಬೇರೆ ಕಡೆಯ 12 ಮಕ್ಕಳ ಸಲಹಾ ತಂಡವೂ ಇತ್ತು. ದಾಖಲೆ ಚೆನ್ನಾಗಿಯೇ ಇದೆ. ಶುದ್ಧ, ಆರೋಗ್ಯಕರ ಪರಿಸರ ಮಕ್ಕಳ ಹಕ್ಕು ಅಂತ ನೇರವಾಗಿ ಹೇಳುತ್ತದೆ. ಇದು ಕಾನೂನಲ್ಲ ನಿಜ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಸದಸ್ಯ ದೇಶಗಳಿಗೆ ತೋರಿಸುವ ದಾರಿ. ಭಾರತ 1992ರ ಡಿಸೆಂಬರ್‌ನಲ್ಲೇ ಆ ಒಡಂಬಡಿಕೆಗೆ ಸೇರಿದೆ.

ಮೊಬೈಲಿನಲ್ಲಿ ಅದನ್ನು ತೋರಿಸುತ್ತಾ ನಾನು ಹೆಮ್ಮೆಯಿಂದ 16,331 ಅಂದೆ. ಹುಡುಗಿ ಈಗ ಫಸ್ಟ್ ಪಿಯುಸಿ. ಕೇಳಿದಳು:

"ಹದಿನಾರು ಸಾವಿರದಾಗ ನಮ್ಮದು ಯಾವುದ್ರಿ ಅಕ್ಕಾ?"

ಹುಡುಕಿದೆವು. ಮಾರ್ಕ್ಸ್ ಕಾರ್ಡು ಅನ್ನೋ ಮಾತು ಎಲ್ಲೂ ಇಲ್ಲ. ಹೇಗೆ ಇರುತ್ತದೆ? ನಾನೇ ಕಳಿಸಿರಲಿಲ್ಲವಲ್ಲ. ಅಂದು ನಿಜ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ನೋಟ್‌ಬುಕ್ ತೆಗೆದು ಅಣ್ಣನ ಆ ಸಾಲನ್ನು ನನಗೆ ಇನ್ನೊಂದು ಸಲ ಓದಿ ಹೇಳಿದಳು. ಸಿಟ್ಟಾಗಿದ್ದರೆ ವಾಸಿ ಇತ್ತು.

ಇದೇ ಸಮಿತಿ 2009ರಲ್ಲಿ 12ನೇ ಸಾಮಾನ್ಯ ಟಿಪ್ಪಣಿ ಹೊರಡಿಸಿದೆ. ಮಗುವಿನ ಮಾತು ಕೇಳುವುದು ಹೇಗೆ ಅನ್ನೋದೇ ಅದರ ವಿಷಯ. ಐದು ಹೆಜ್ಜೆ ಹೇಳುತ್ತದೆ. ಮೊದಲು ಮಗುವಿಗೆ ವಿಷಯ ತಿಳಿಸಿ ಸಿದ್ಧ ಮಾಡಬೇಕು, ಆಮೇಲೆ ಕೇಳಬೇಕು, ಅದರ ತಿಳಿವಳಿಕೆ ಎಷ್ಟು ಅಂತ ನೋಡಬೇಕು, ನಿನ್ನ ಮಾತಿಗೆ ನಾವು ಎಷ್ಟು ಬೆಲೆ ಕೊಟ್ಟೆವು ಅಂತ ವಾಪಸ್ ಹೇಳಬೇಕು, ಕೇಳದಿದ್ದರೆ ದೂರು ಕೊಡಲು ಜಾಗ ಇರಬೇಕು. ತರಬೇತಿಯಲ್ಲಿ ಇದನ್ನು ನಾನೇ ಹತ್ತಾರು ಸಲ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ನಾಲ್ಕನೇ ಹೆಜ್ಜೆಯನ್ನು ಮಾತ್ರ ಈ ಊರಲ್ಲಿ ಇಟ್ಟಿರಲಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವರು ತಪ್ಪುವುದು ಅಲ್ಲೇ. ಕೇಳೋಕೆ ಅನುದಾನ ಸಿಗುತ್ತದೆ, ವಾಪಸ್ ಹೋಗಿ ಹೇಳೋಕೆ ಬಸ್ ಚಾರ್ಜೂ ಸಿಗಲ್ಲ.

ಅಂದು ಇನ್ನೊಂದು ಕಥೆ ಹೇಳಿದೆ. 2019ರಲ್ಲಿ 16 ಮಕ್ಕಳು ಹವಾಮಾನ ಬದಲಾವಣೆಯ ವಿಷಯದಲ್ಲಿ ಇದೇ ಸಮಿತಿಗೆ ದೂರು ಕೊಟ್ಟರು. ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ ಇದ್ದಳು, ನಮ್ಮ ಹರಿದ್ವಾರದ ರಿಧಿಮಾ ಪಾಂಡೆಯೂ ಇದ್ದಳು. ಅರ್ಜೆಂಟೀನಾ, ಬ್ರೆಜಿಲ್, ಫ್ರಾನ್ಸ್, ಜರ್ಮನಿ, ಟರ್ಕಿ ವಿರುದ್ಧ ದೂರು. ಭಾರತದ ಮೇಲೆ ಹಾಗೆ ದೂರು ಕೊಡಲು ಬರುವುದಿಲ್ಲ, ಯಾಕಂದರೆ ದೂರಿಗೆ ಅವಕಾಶ ಕೊಡುವ ಮೂರನೇ ಐಚ್ಛಿಕ ಒಪ್ಪಂದಕ್ಕೆ ನಾವು ಸೇರಿಲ್ಲ. 2021ರ ಅಕ್ಟೋಬರ್‌ನಲ್ಲಿ ಸಮಿತಿ ಒಂದು ಮಾತು ಒಪ್ಪಿತು: ಒಂದು ದೇಶದ ಹೊಗೆಯಿಂದ ಗಡಿಯಾಚೆಯ ಮಗುವಿಗೆ ತೊಂದರೆ ಆದರೆ ಆ ದೇಶ ಹೊಣೆ ಆಗಬಹುದು. ಆದರೂ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಮೊದಲು ಆಯಾ ದೇಶದ ಕೋರ್ಟು, ಕಚೇರಿಗಳ ಬಾಗಿಲು ಬಡಿದು ಬರಬೇಕಿತ್ತು ಅಂತು.

ನಾನು ಇದನ್ನು ಬೇಜಾರಿನ ಕಥೆ ಅಂತ ಹೇಳಿದ್ದೆ. ಅವರು ಬೇರೆ ಥರ ಕೇಳಿಸಿಕೊಂಡರು. ಗುಂಪಿನ ಹಿಂದೆ ಕೂತಿದ್ದ ಹುಡುಗ ಅಂದ: "ಅಂದ್ರ ಮೊದಲ ನಮ್ಮ ಪಂಚಾಯ್ತಿ ಬಾಗಿಲಾ ಬಡಿ ಅಂದಂಗಾತಲ್ರಿ."

"ನಾನೂ ಮಗುನೇ ಅಲ್ರಿ"

ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು. ಇದು ಈ ರಾಜ್ಯದ ಒಳ್ಳೆಯ ಪದ್ಧತಿ. ನಮ್ಮಲ್ಲಿ ಇಂಥದ್ದಕ್ಕೆ ಹಳೆಯ ಬೇರೂ ಇದೆ. 1996ರಲ್ಲಿ ದುಡಿಯುವ ಮಕ್ಕಳ ಅಂತರರಾಷ್ಟ್ರೀಯ ಸಭೆ ನಡೆದದ್ದು ನಮ್ಮ ಕುಂದಾಪುರದಲ್ಲೇ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಮಕ್ಕಳು ಅಲ್ಲಿ ಕೂತು 10 ಅಂಶದ ಘೋಷಣೆ ಮಾಡಿದರು. ನಮ್ಮ ಸಮಸ್ಯೆ, ನಮ್ಮ ಪ್ರಯತ್ನ, ನಮ್ಮ ಸಲಹೆ, ನಮ್ಮ ಸಂಘಟನೆಗಳನ್ನು ಗುರುತಿಸಿ ಅನ್ನೋದು ಅದರ ಮೊದಲ ಅಂಶ. ಜಿನೀವಾ ಬಗ್ಗೆ ತಿಳಿದ ನಮ್ಮ ಎಷ್ಟೋ ಕಾರ್ಯಕರ್ತರಿಗೆ ಕುಂದಾಪುರ ಗೊತ್ತಿಲ್ಲ.

ಪದ್ಧತಿ ಒಳ್ಳೆಯದು, ಆದರೆ ಸಭೆ ನಡೆಯುವ ಬಗೆ ಊರಿಂದ ಊರಿಗೆ ಬೇರೆ. ಈ ಊರಲ್ಲಿ ಅಂದರೆ ಸ್ವಾಗತ ಗೀತೆ, ಗಣ್ಯರಿಗೆ ಶಾಲು, ಮಕ್ಕಳಿಗೆ ಬಿಸ್ಕತ್ತು. 2024ರ ಜನವರಿಯ ಸಭೆಗೆ ಆ ಹುಡುಗಿ ನೋಟ್‌ಬುಕ್ ಹಿಡಿದು ಹೋದಳು. ಎದ್ದು ನಿಂತ ತಕ್ಷಣ ಸದಸ್ಯರೊಬ್ಬರು, "ನೀ ಕಾಲೇಜಿಗಿ ಹೋಗಾಕಿ ಅಲ್ಲೇನವ್ವಾ? ಇದು ಸಾಲಿ ಹುಡುಗರ ಸಭಾ" ಅಂದರು.

ಅವಳು ಕೂರಲಿಲ್ಲ. "ನನಗ ಇನ್ನಾ ಹದಿನೆಂಟ ತುಂಬಿಲ್ರಿ ಕಾಕಾ. ವಿಶ್ವಸಂಸ್ಥಿ ಒಪ್ಪಂದದ ಒಂದನೇ ಕಲಂನಾಗ ಹದಿನೆಂಟರ ತನಕ ಮಗು ಅಂತದ. ನಮ್ಮ ದೇಶ ಸೈನ್ ಮಾಡ್ಯಾದ. ನಾನೂ ಮಗುನೇ ಅಲ್ರಿ."

ಸಭೆ ನಕ್ಕಿತು. ಆ ಸದಸ್ಯರೂ ನಕ್ಕರು. ಮಾತಾಡಲು ಬಿಟ್ಟರು.

ಈ ಪ್ರಕರಣದಲ್ಲಿ ಅಂತರರಾಷ್ಟ್ರೀಯ ಅನ್ನೋದು ನಿಜವಾಗಿ ಕೆಲಸಕ್ಕೆ ಬಂದದ್ದು ಇದೊಂದು ಕಡೆ ಅಂತ ನನ್ನ ಲೆಕ್ಕ. ನಾವು ಮೇಲೆ ಕಳಿಸಿದ್ದು ಎಲ್ಲೋ ಕರಗಿತು. ಮೇಲಿಂದ ಕೆಳಗೆ ಬಂದ ಒಂದು ಸಾಲು ಮಾತ್ರ, ಆ ಹುಡುಗಿಗೆ ನಿಂತುಕೊಳ್ಳಲು ಜಾಗ ಕೊಟ್ಟಿತು.

ಅವಳು ಕೇಳಿದ್ದು ಸಣ್ಣದು. ಒಂದೇ ದಿನ ಪಂಚಾಯಿತಿಯಲ್ಲಿ ಶಿಬಿರ ಇಡ್ರಿ. ಹೆಡ್‌ಮಾಸ್ಟರು, ನಾಡಕಚೇರಿಯವರು, ಅಫಿಡವಿಟ್ ಮಾಡುವ ನೋಟರಿ ಒಂದೇ ಕಡೆ ಕೂಡ್ರಿ. ನೀರಿನಲ್ಲಿ ಕಾಗದ ಕಳಕೊಂಡವರು ಅಲ್ಲಿಗೇ ಬರ್ತಾರ. ಶುಲ್ಕ ಮಾಫಿ ಆಗಬೇಕು ಅಂತ ಮೇಲಕ್ಕೆ ಪತ್ರ ಬರೀರಿ.

ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದರು: "ಮಕ್ಕಳ ಬೇಡಿಕೆಯನ್ನು ಪರಿಶೀಲಿಸಲಾಗುವುದು."

"ಪರಿಶೀಲಿಸಲಾಗುವುದು ಅಂದ್ರ ಯಾವ ತಾರೀಖ್ರಿ?"

ಪಂಚಾಯಿತಿಯ ಅಧಿಕಾರಿ ಪಿಡಿಒ ಪೆನ್ನು ಎತ್ತಿ ಅವಳ ಕಡೆ ನೋಡಿದರು. ಒಂದು ಕ್ಷಣ ಸುಮ್ಮನಿದ್ದು, ಆ ಸಾಲಿನ ಮೇಲೆ "ಮಾರ್ಚ್ ಕೊನೆಯ ವಾರ" ಅಂತ ಸೇರಿಸಿದರು. ಅವರಿಗೆ ಅದು ಬೇಕಿರಲಿಲ್ಲ, ಆದರೂ ಬರೆದರು. ಆ ಮನುಷ್ಯನಿಗೆ ಅಷ್ಟು ಸಲ್ಲಬೇಕು.

ಶಿಬಿರ

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಶಿಬಿರ ನಿಂತಿತು. ಕಲಬುರಗಿಯಲ್ಲಿ ಮತದಾನ ಮೇ 7ಕ್ಕೆ. ಜೂನ್‌ನಲ್ಲಿ ಫಲಿತಾಂಶ, ಆಮೇಲೆ ಬಿತ್ತನೆ. ಹುಡುಗರು ಮೂರು ಸಲ ಪಂಚಾಯಿತಿಗೆ ಹೋದರು, ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ತಾರೀಖು, ಯಾರು ಸಿಕ್ಕರು, ಏನಂದರು ಅಂತ ಬರೆದುಕೊಂಡರು. ಕೊನೆಗೆ ಜುಲೈನಲ್ಲಿ ಒಂದು ಶನಿವಾರ ಶಿಬಿರ ನಡೆಯಿತು.

ವ್ಯಾಸಂಗ ಪ್ರಮಾಣಪತ್ರಗಳನ್ನು ಹೆಡ್‌ಮಾಸ್ಟರು ಅಲ್ಲೇ ಬರೆದುಕೊಟ್ಟರು. ಹಳೆಯ ದಾಖಲಾತಿ ಪುಸ್ತಕ ತಂದಿದ್ದರು, ಅದರ ಅಂಚಿಗೂ ನೀರಿನ ಕಲೆ. ಜಾತಿ, ಆದಾಯಕ್ಕೆ ಅರ್ಜಿ ಅಲ್ಲೇ ತಗೊಂಡರು. ನೋಟರಿ ಮಧ್ಯಾಹ್ನದ ಮೇಲೆ ಬಂದರು, ರೊಕ್ಕ ಮಾತ್ರ ಬಿಡಲಿಲ್ಲ. ಮಾರ್ಕ್ಸ್ ಕಾರ್ಡಿನ ಅರ್ಜಿಗಳನ್ನು ಒಟ್ಟು ಮಾಡಿ ಶಾಲೆಯ ಮೂಲಕ ಕಳಿಸಿದರು. ಕೆಲವು ಬಂದಿವೆ, ಕೆಲವು ಬಂದಿಲ್ಲ. ಶುಲ್ಕ ಮಾಫಿಯ ಪತ್ರಕ್ಕೆ ಉತ್ತರವೇ ಬಂದಿಲ್ಲ. ಅಂದರೆ ನೀತಿ ಬದಲಾಗಿಲ್ಲ. ಒಂದು ಪಂಚಾಯಿತಿ ಒಂದು ಶನಿವಾರ ಕೆಲಸ ಮಾಡಿತು, ಅಷ್ಟೇ ಆದದ್ದು. ನಮ್ಮ ಸಂಸ್ಥೆಯ ವರದಿಯಲ್ಲಿ ಇದು "ನೀತಿ ಸುಧಾರಣೆ" ಅಂತ ಹೋಗುವುದರಲ್ಲಿತ್ತು. ಈ ಸಲ ನಾನು ಒಪ್ಪಲಿಲ್ಲ.

ಅಣ್ಣನ ಮಾರ್ಕ್ಸ್ ಕಾರ್ಡು ಬಂತು. ತಂಗಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಪುಣೆಗೆ ಕಳಿಸಿದಳು. ಅವನು ಅಲ್ಲಿ ಟೈಲ್ಸ್ ಕೆಲಸ ಕಲಿತುಬಿಟ್ಟಿದ್ದ. "ಚಲೋ ಆತು, ಮ್ಯಾಲಿಡು" ಅಂತ ಉತ್ತರ ಬಂತಂತೆ. ಭರ್ತಿಗೆ ಅರ್ಜಿ ಹಾಕಿಲ್ಲ.

2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಮತ್ತೆ ಉಕ್ಕಿತು. ಕಲಬುರಗಿ, ಯಾದಗಿರಿ, ವಿಜಯಪುರ ಎಲ್ಲ ಕಡೆ ನೀರು. ನಾನು ಆ ಸಂಸ್ಥೆ ಬಿಟ್ಟು ವರ್ಷ ಆಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗಿಯ ಫೋನು. ಅವಳು ಈಗ ಕಲಬುರಗಿಯಲ್ಲಿ ಡಿಗ್ರಿ ಮೊದಲ ವರ್ಷ, ದಸರಾ ರಜೆಗೆ ಊರಿಗೆ ಹೋಗಿದ್ದಳು. ಹಿಂದೆ ಜನರ ಗದ್ದಲ, ಯಾವುದೋ ಎಮ್ಮೆಯ ಕೂಗು.

"ಕಾಳಜಿ ಕೇಂದ್ರಕ್ಕ ಬಂದೀವ್ರಿ ಅಕ್ಕಾ. ಎಲ್ಲಾರ ಕಾಗದ ಒಂದೇ ಡಬ್ಬ್ಯಾಗ ಹಾಕಿ ತಂದೀವಿ. ಒಂದೂ ನೆನೆದಿಲ್ಲ." ಆಮೇಲೆ ಸ್ವಲ್ಪ ತಡೆದು, "ಆ ನೋಟ್‌ಬುಕ್ ನಿಮ್ಮ ಬಲ್ಲೇನೇ ಅದ ಅಲ್ರಿ? ವರದಿಗೆ ಬೇಕಂತ ಒಯ್ದಿದ್ರಿ. ಅದು ನಮ್ಮದ್ರಿ, ವಾಪಸ್ ಕೊಡ್ರಿ. ಈ ಸರ್ತಿನ ಪಟ್ಟಿ ಬರೀಬೇಕು."

ಹಳೆಯ ಫೈಲುಗಳ ಅಡಿಯಲ್ಲಿ ಸಿಕ್ಕಿತು. ಅಣ್ಣನ ಮಾತಿನ ಪಕ್ಕದಲ್ಲಿ ನನ್ನ ಪೆನ್ಸಿಲಿನ ಇಂಗ್ಲಿಷ್ ಹಾಗೇ ಇತ್ತು. ಅದನ್ನು ರಬ್ಬರಿನಿಂದ ಒರೆಸಿ, ನೀರು ಇಳಿದು ಬಸ್ಸು ಶುರುವಾದ ದಿನ ಕೊಟ್ಟು ಬಂದೆ.